ದಾಲ್ವಾಳ ಸ್ಪೀಕರ್ ಪೆಟ್ಟಿಗೆ

ಜೂನ್ 3, 1981, ಬುಧವಾರ

ಬೆಳಿಗ್ಗೆ ಏಳಕ್ಕೆ ನೀರು ಏರಿತು. ಸಿರಿನೇವುವಿನ ದೋಣಿಗೆ ಎಡಮಗ್ಗುಲಲ್ಲಿ ನಾಲ್ಕು ಹಲಗೆ ಹೊಡೆದದ್ದಾಯಿತು. ಹಿಂದಿನಿಂದಲೇ ಪಾಲ್ಮೇರಿಯೊ ಸಂದಿಗೆ ಹತ್ತಿ ತುಂಬುತ್ತ ಬಂದ. ಇಪ್ಪತ್ತೆರಡು ವರ್ಷದಿಂದ ಹೀಗೇ. ನಾನು ಹಲಗೆ, ಅವನು ಹತ್ತಿ. ಇಬ್ಬರೂ ಸೇರಿ ಇಳಿಸಿದ ದೋಣಿ ಒಂದೂ ಸೋರಿಲ್ಲ. ಬರೆದಿಡುತ್ತೇನೆ, ಯಾರೂ ಓದದಿದ್ದರೂ ನಿಜ ನಿಜವೇ.

ಮಧ್ಯಾಹ್ನ ಅಸಾಯಿ ಹಣ್ಣಿನ ತಿರುಳು, ಮರಗೆಣಸಿನ ಹಿಟ್ಟು, ಹುರಿದ ಸಿಗಡಿ. ಉಣ್ಣುವಾಗ ತಂಗಿ ದಾಲ್ವಾ ಬಂದಳು. ಕೂರಲಿಲ್ಲ. ಅವಳು ನಿಂತೇ ಮಾತಾಡಿದರೆ ವಿಷಯ ದೊಡ್ಡದು ಅಂತ ಅರ್ಥ.

"ಅಣ್ಣಾ, ಅಲ್ಮೆರಿಂದೊನ ಗಿಟಾರಿನವನು ಮನಾವ್ಸ್‌ಗೆ ಹೋದ. ಸ್ಪೀಕರ್ ಪೆಟ್ಟಿಗೆ ಸಮೇತ."

ಅಲ್ಮೆರಿಂದೊ ಅಂದರೆ ಬ್ಯಾಂಡಿನ ಯಜಮಾನ, ಸ್ಯಾಕ್ಸೊಫೋನ್ ಊದುವವನು. ಊರಿನ ಅರ್ಧ ಮದುವೆ ಅವನ ಬ್ಯಾಂಡು ನುಡಿಯುವಾಗಲೇ ಕುದುರಿದ್ದು.

"ಹೋಗ್ಲಿ ಬಿಡು. ನೀನಿದೀಯಲ್ಲ."

"ನಾನಿದೀನಿ. ಹನ್ನೊಂದು ವರ್ಷದಿಂದ ಹಿಂದಿನ ಬೆಂಚಿನಲ್ಲಿದೀನಿ, ಗಿಟಾರಿನಲ್ಲಿ ಟಕ ಟಕ ತಾಳ ಹಾಕ್ಕೊಂಡು, ಇನ್ನೊಬ್ಬರ ಪೆಟ್ಟಿಗೇಲಿ ಮಿಕ್ಕ ತೂತಿಗೆ ವೈರು ಸಿಗ್ಸ್ಕೊಂಡು." ಒಂದು ಸಿಗಡಿ ಎತ್ತಿ ಬಾಯಿಗೆ ಹಾಕಿಕೊಂಡಳು. "ಸಂತ ಪೇತ್ರನ ಹಬ್ಬದ ಭಾನುವಾರ, ಇಪ್ಪತ್ತೆಂಟನೇ ತಾರೀಕು, ಮುಂದೆ ನಿಂತು ನುಡಿಸು ಅಂದಿದಾನೆ. ಆದ್ರೆ ಪೆಟ್ಟಿಗೆ ನಂದೇ ಆಗ್ಬೇಕಂತೆ. ಅವತ್ತು ಚೆನ್ನಾಗಿ ಬಂದ್ರೆ ಜಾಗ ನಂದು. ಇಲ್ದಿದ್ರೆ ಬಾರ್ಕರೇನಾ ಊರಿನ ಗಿಟಾರಿನವನು ಒಬ್ಬ ಕಾಯ್ತಾ ಇದಾನಂತೆ."

ನಲವತ್ತಮೂರು ಅವಳಿಗೆ. ಇನ್ನೊಂದು ಸಲ ಯಾರೂ ಕೇಳುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ಪೆಟ್ಟಿಗೆ ತಾನೆ?" ಅಂದೆ. "ಮೂವತ್ತು ಜನ, ಎರಡು ದನ ಹೊರೋ ದೋಣಿ ಮಾಡೋನಿಗೆ ಪೆಟ್ಟಿಗೆ ಒಂದು ಕೆಲಸವೇ?"

ಆಗ ಕೂತಳು. ನನ್ನ ತಟ್ಟೆಯ ಸಿಗಡಿ ಎಲ್ಲಾ ಖಾಲಿ ಮಾಡಿದಳು.

ಜೂನ್ 5, ಶುಕ್ರವಾರ

ದಾಲ್ವಾ ಸ್ಪೀಕರು ತಂದಳು. ಮುಚ್ಚಿಹೋದ ಸಿನಿಮಾ ಟಾಕೀಸಿನದು, ಹನ್ನೆರಡು ಇಂಚು, ಹಿಂದೆ ಹಲಸಿನ ಹಣ್ಣಿನಷ್ಟು ಭಾರದ ಅಯಸ್ಕಾಂತ. ಆಂಪ್ಲಿಫೈಯರು ರೇಡಿಯೊ ರಿಪೇರಿಯವನು ಕಟ್ಟಿಕೊಟ್ಟದ್ದು, ಬಲ್ಬಿನಂಥ ವಾಲ್ವುಗಳು. ಅದು ಸರಿಯಾಗಿದೆ. ಮನೆಯಿಲ್ಲದ್ದು ಸ್ಪೀಕರಿಗೆ ಮಾತ್ರ.

ನಾಲ್ಕು ಮಗ್ಗುಲಿಗೂ ಸೀಡರ್ ಮರ, ಒಂದೊಂದಕ್ಕೆ ಒಂದೇ ಅಗಲದ ಹಲಗೆ. ಮುಂದಕ್ಕೂ ಒಂದೇ ಹಲಗೆ. ಮೊಳೆ ಹೊಡೆದು, ದಾರ ಕಟ್ಟಿ, ಪೆನ್ಸಿಲಿನಿಂದ ವೃತ್ತ ಎಳೆದೆ. ಗರಗಸ ಗೆರೆ ಬಿಟ್ಟು ಆಚೆ ಈಚೆ ಹೋಗಲಿಲ್ಲ. ಕೀಸುಳಿ ಹೊಡೆದಾಗ ಬಂದ ವಾಸನೆಗೆ ಪಕ್ಕದ ಶೆಡ್ಡಿನವರೂ ಬಂದು ನಿಂತರು.

ಹಿಂಬದಿಗೆ ಅಗಲದ ಹಲಗೆ ಉಳಿಯಲಿಲ್ಲ. ಹೊಸ ಮರ ಬರುವುದು ಜುಲೈಗೆ. ಪರವಾಗಿಲ್ಲ. ಸಿರಿನೇವು ದೋಣಿಯ ಇಟಾಉಬಾ ಮರದ ತುಂಡುಗಳು ಬಿದ್ದಿವೆ. ಐದು ಪಟ್ಟಿ ಸಾಲಾಗಿ ಇಟ್ಟು, ದೋಣಿಗೆ ಬಿಡುವಷ್ಟೇ ಸಂದಿ ಬಿಟ್ಟು ಜೋಡಿಸಿದೆ. ಪಾಲ್ಮೇರಿಯೊ ಹತ್ತಿ ಹೊಡೆದು ಮೇಲೆ ರಾಳ ಮೆತ್ತಿದ.

"ಮೇಸ್ತ್ರಿ, ಇದಕ್ಕೆ ಚುಕ್ಕಾಣಿ ಎಲ್ಲಿ ಕೂರಿಸ್ತೀ?"

"ನಿನ್ನ ಬಾಯಿಗೆ ಕೂರಿಸ್ತೀನಿ. ಹೊಡಿ ಹತ್ತಿ."

ಜೂನ್ 9, ಮಂಗಳವಾರ

ಮುಗಿಯಿತು. ದೋಣಿಯ ನೀಲಿ ಬಣ್ಣ, ಅಂಚಿಗೆ ಬಿಳಿ ಗೆರೆ. ಮೂಲೆಗಳಿಗೆ ಹಿತ್ತಾಳೆ ಪಟ್ಟಿ.

ಸ್ಪೀಕರು ಕೂರಿಸುವ ಮುಂಚೆ ಪರೀಕ್ಷೆ. ಬೆನ್ನು ಕೆಳಗೆ ಮಾಡಿ ಮಲಗಿಸಿ ಮುಂದಿನ ತೂತಿನಿಂದ ಮೂರು ಬಕೆಟ್ ನೀರು ಹೊಯ್ದೆವು. ಊಟಕ್ಕೆ ಹೋಗಿಬಂದೆವು. ಕೆಳಗೆ ಒಂದು ಹನಿ ಇಲ್ಲ. ಪಾಲ್ಮೇರಿಯೊ ಟೋಪಿ ತೆಗೆದ.

ದಾಲ್ವಾ ಕೇಳಿದಳು: "ಅಣ್ಣಾ, ಇದರೊಳಗೆ ನೀರು ಯಾಕೆ ಹೊಯ್ದೆ?"

"ಸೋರುತ್ತಾ ನೋಡೋಕೆ."

"ಸಂಗೀತ ಸೋರುತ್ತಾ?"

"ನೀರೇ ಸೋರದ ಕಡೆ ಸಂಗೀತ ಎಲ್ಲಿಂದ ಸೋರುತ್ತೆ?"



ಜೂನ್ 11, ಗುರುವಾರ, ಸಂಜೆ 5

ಒರೆಸಿ, ಒಂದು ದಿನ ನೆರಳಲ್ಲಿಟ್ಟು, ಸ್ಪೀಕರು ಕೂರಿಸಿದೆವು. ಶೆಡ್ಡಿನಲ್ಲೇ ನುಡಿಸಿದಳು. ಕೊಡತಿಗಳೆಲ್ಲ ನಿಂತವು. ತಾಮ್ರದ ಪಾತ್ರೆಯಲ್ಲಿ ಜೇನು ಸುರಿದ ಹಾಗೆ. ದಪ್ಪ ತಂತಿ ಮೀಟಿದರೆ ಎದೆಗೂಡಿಗೆ ತಾಗುತ್ತಿತ್ತು.

ಅಲ್ಮೆರಿಂದೊ ಬಂದಿದ್ದ. ಬಿಳಿ ಷೂಸು, ಮರದ ಪುಡಿಯಲ್ಲಿ ಜಾಗ್ರತೆಯಾಗಿ ಕಾಲಿಡುತ್ತ. ಕೇಳಿದ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. "ಸರಿ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ದಂಡೆಯುದ್ದಕ್ಕೂ ಹೇಳಿಕೊಂಡು ಬಂದೆ. ಈ ದಿಯೊದಾತೊ ಕೈಯಿಂದ ಇಳಿದದ್ದು ನೀರಿನಲ್ಲೂ ಸರಿ, ನೆಲದಲ್ಲೂ ಸರಿ ಅಂತ. ಹೆಚ್ಚಾಯಿತೇನೋ. ಆಗಲಿ. ಸುಳ್ಳೇನಲ್ಲ.

ಜೂನ್ 20, ಶನಿವಾರ

ಒಂಬತ್ತು ದಿನ ಬರೆದಿಲ್ಲ. ದೋಣಿ ಕೆಲಸ. ಮಳೆ ಪೂರ್ತಿ ನಿಂತಿದೆ.

ಇವತ್ತು ದಾಲ್ವಾ ಹೇಳಿ ಕಳಿಸಿದ್ದಳು. ಪೆಟ್ಟಿಗೆ ಈಗ ಅವಳ ಮನೆಯಲ್ಲೇ ಇದೆ. ಹೋದೆ. ದಪ್ಪ ತಂತಿ ಮೀಟಿದಳು. ಝರ್ರ್... ತಗಡಿನ ಡಬ್ಬಿಯಲ್ಲಿ ಜೀರುಂಡೆ ಸಿಕ್ಕಿಕೊಂಡ ಹಾಗೆ.

"ತಂತಿ ಹಳೇದು" ಅಂದೆ.

"ನಿನ್ನೆ ಹಾಕಿದ್ದು."

"ಸ್ಪೀಕರು ಟಾಕೀಸಿನದು. ಎಷ್ಟು ಸಿನಿಮಾದಲ್ಲಿ ಗುಂಡು ಹಾರಿಸಿದಾರೋ ಅದರೊಳಗೆ."

"ಹೋದ ವಾರ ಹಾರ್ತಿರ್ಲಿಲ್ವಾ?"

"ನೆಲ ಸಿಮೆಂಟು. ಕಪಾಟಿನ ಗಾಜು ಅದುರ್ತಿದೆ."

ಕಪಾಟು ಹೊರಗೆ ಸಾಗಿಸಿದೆವು, ಇಬ್ಬರೂ ಸೇರಿ. ಜೀರುಂಡೆ ಒಳಗೇ ಉಳಿಯಿತು. ದಾಲ್ವಾ ಗಿಟಾರು ಮಂಚದ ಮೇಲೆ ಮಲಗಿಸಿ ಅದಕ್ಕೆ ಹೊದಿಕೆ ಹೊದಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 22, ಸೋಮವಾರ

ಸಿಕ್ಕಿತು. ಅವಳು ನುಡಿಸುತ್ತಿದ್ದಳು, ನಾನು ಪೆಟ್ಟಿಗೆಯ ಬೆನ್ನಿಗೆ ಅಂಗೈ ಒತ್ತಿ ಹಿಡಿದೆ. ಜೀರುಂಡೆ ಸುಮ್ಮನಾಯಿತು. ಕೈ ತೆಗೆದೆ, ಮತ್ತೆ ಕೂಗಿತು. ಹತ್ತಿರದಿಂದ ನೋಡಿದರೆ ನಾಲ್ಕು ಸಂದಿಯಲ್ಲೂ ರಾಳ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಹಲಗೆಗಳು ಒಣಗಿ ಕುಗ್ಗಿವೆ, ಹತ್ತಿ ಸಡಿಲಾಗಿದೆ, ಪಟ್ಟಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿವೆ.

ನಗಬೇಕೋ ಅಳಬೇಕೋ. ದೋಣಿಗೆ ಸಂದಿ ಬಿಡುವುದು ಯಾಕೆ? ನೀರಿಗೆ ಇಳಿದ ಮೇಲೆ ಮರ ಉಬ್ಬುತ್ತದೆ, ಹತ್ತಿಯನ್ನು ಕಚ್ಚಿ ಹಿಡಿಯುತ್ತದೆ. ಅರ್ಧ ಕೆಲಸ ನಮ್ಮದು, ಅರ್ಧ ನದಿಯದು. ಈ ಪೆಟ್ಟಿಗೆಗೆ ನದಿ ಎಲ್ಲಿದೆ? ಮೊದಲ ವಾರ ನುಡಿದದ್ದು ನಾನು ಹೊಯ್ದ ಮೂರು ಬಕೆಟ್ ನೀರಿನ ಪುಣ್ಯ.

ಪಾಲ್ಮೇರಿಯೊಗೆ ಹೇಳಿದೆ. ನಕ್ಕು ನಕ್ಕು ಹತ್ತಿಯ ಚೀಲದ ಮೇಲೆ ಉರುಳಿದ.

"ಅಂಟು ಹಾಕಿ ಸೇರಿಸೋಣ್ವಾ?" ಅಂದೆ.

"ಇಟಾಉಬಾಗೆ? ಎಣ್ಣೆ ಮರ ಅದು. ಅಂಟು ಜಾರಿ ಮನೆಗೆ ಹೋಗುತ್ತೆ."

ನಿಜ. ಹಾಗಾದರೆ ನದಿಯೇ ಗತಿ.

ಜೂನ್ 23, ಮಂಗಳವಾರ

ಸ್ಕ್ರೂ ಬಿಚ್ಚಿ ಬೆನ್ನನ್ನು ಮಾತ್ರ ತೆಗೆದೆ. ಹಗ್ಗ ಕಟ್ಟಿ, ಕಲ್ಲು ಕಟ್ಟಿ, ಶೆಡ್ಡಿನ ಕಂಬದ ಬುಡದಲ್ಲಿ ನೀರಿಗೆ ಮುಳುಗಿಸಿದೆ. ನಾಲ್ಕು ದಿನ ಅಲ್ಲೇ ಇರಲಿ. ಶನಿವಾರ ತೆಗೆದು ಕೂರಿಸಿದರೆ ಭಾನುವಾರ ಸಂಜೆವರೆಗೂ ಬಿಗಿ ಇರುತ್ತದೆ. ಜುಲೈಗೆ ಅಗಲದ ಹಲಗೆ ಬಂದ ಮೇಲೆ ಹೊಸ ಬೆನ್ನು. ಲೆಕ್ಕ ಸರಿಯಾಗಿದೆ.

ದೋಣಿಯಲ್ಲಿ ಹೋಗುವವರೆಲ್ಲ ಕೇಳಿದರು. ಪಾಲ್ಮೇರಿಯೊ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: "ಮೇಸ್ತ್ರಿ ಮೀನಿಗೆ ಸಂಗೀತ ಹೇಳಿಕೊಡ್ತಾರೆ."

ಜೂನ್ 24, ಬುಧವಾರ. ಸಂತ ಜೋವಾನ್ ದಿನ, ಕೆಲಸ ಇಲ್ಲ

ದಾಲ್ವಾ ಮನೆಗೆ ಹೋದೆ. ಸ್ಪೀಕರಿಗೆ ಏನೂ ಆಗಿಲ್ಲ ತಾನೇ ನೋಡೋಣ ಅಂತ, ಬೆನ್ನಿಲ್ಲದ ಪೆಟ್ಟಿಗೆಗೇ ವೈರು ಸಿಗಿಸಿದಳು. ಒಂದು ಸಾಲು ನುಡಿಸಿದಳು. ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಮತ್ತೆ ನುಡಿಸಿದಳು, ಈ ಸಲ ನಿಲ್ಲಿಸಲಿಲ್ಲ.

ಸದ್ದು ಮುಂದೂ ಹೋಯಿತು, ಹಿಂದೂ ಹೋಯಿತು. ಗೋಡೆಗೆ ತಾಗಿ ಮೇಲಿಂದ ಇಳಿಯಿತು. ಪಕ್ಕದ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಕಿಟಕಿಗೆ ಬಂದಳು.

"ಇದೇ ಅಣ್ಣಾ. ಇದೇ ಇರ್ಲಿ. ಬೆನ್ನು ಬೇಡ."

"ಬೆನ್ನು ಬೇಡ ಅಂದ್ರೆ? ನದೀಲಿದೆ, ಶನಿವಾರ ತರ್ತೀನಿ."

"ನದೀಲೇ ಇರ್ಲಿ. ಮೊದಲು ಗಂಟಲಲ್ಲಿ ಬಟ್ಟೆ ತುರುಕಿದ ಹಾಗಿತ್ತು. ಈಗ ಉಸಿರಾಡ್ತಿದೆ."

"ದಾಲ್ವಾ, ಹಿಂದಿನಿಂದ ನೋಡಿದ್ರೆ ಹೊಟ್ಟೆ ಬಗೆದ ಮೀನಿನ ಥರ ಕಾಣುತ್ತೆ. ಮುನ್ನೂರು ಜನ ನೋಡ್ತಾರೆ. ದಿಯೊದಾತೊ ಅರ್ಧ ಕೆಲಸ ಮಾಡಿ ಕೊಟ್ಟ ಅಂತಾರೆ."

"ಜನ ಬರೋದು ಕುಣಿಯೋಕೆ. ನಿನ್ನ ಹಲಗೆ ಎಣಿಸೋಕಲ್ಲ."

ಜಗಳವೇ ಆಯಿತು. ಅಮ್ಮನ ಮಣಿಸರ ಯಾರಿಗೆ ಅಂತ ಆದ ಜಗಳದ ನಂತರ ಇಷ್ಟು ದೊಡ್ಡದು ಆಗಿರಲಿಲ್ಲ. ಕೊನೆಗೆ ಸರಿ ಅಂದೆ. ಬಾಯಲ್ಲಿ ಮಾತ್ರ.

ಮೂವತ್ತು ವರ್ಷ ಈ ಕೈ ಮಾಡಿದ್ದು ಒಂದೇ ಕೆಲಸ. ತೂತು ಮುಚ್ಚುವುದು. ಬಾಗಿಲಿನಷ್ಟು ಅಗಲದ ತೂತು ಬಿಟ್ಟು ಕೈ ತೊಳೆದುಕೊ ಅಂದರೆ?

ಜೂನ್ 27, ಶನಿವಾರ

ನೀರಿನಿಂದ ತೆಗೆದೆ. ಬೆರಳ ಉಗುರೂ ತೂರದಷ್ಟು ಬಿಗಿ. ಎಂಥ ಕೆಲಸ. ಹೊಸದಾಗಿ ನೀಲಿ ಬಳಿದೆ.

ದಾಲ್ವಾ ಇಗರ್ಜಿಗೆ ಹೋಗಿದ್ದಾಗ ಅವಳ ಮನೆಗೆ ಹೋಗಿ ಬೆನ್ನು ಕೂರಿಸಿದೆ. ಇಪ್ಪತ್ತು ಸ್ಕ್ರೂ. ಮೇಲೆ ಗೋಣಿತಟ್ಟು ಸುತ್ತಿ ಹಗ್ಗ ಬಿಗಿದಿಟ್ಟೆ, ನಾಳೆ ಸಾಗಿಸಲಿಕ್ಕೆ ಅನ್ನುವ ಹಾಗೆ. ಭಾನುವಾರ ಒಂದು ಮಧ್ಯಾಹ್ನ ತಾನೆ. ಅವಳಿಗೆ ಗೊತ್ತೂ ಆಗುವುದಿಲ್ಲ. ಚೆನ್ನಾಗಿ ನುಡಿದ ಮೇಲೆ ಹೇಳಿದರಾಯಿತು.

ಜೂನ್ 28, ಭಾನುವಾರ, ಮಧ್ಯಾಹ್ನ 1

ಹಬ್ಬದ ಕುಣಿತ ನಡೆಯುವ ಕ್ಲಬ್ಬಿಗೆ ದೋಣಿಯಲ್ಲೇ ಸಾಗಿಸಿದೆವು. ಪೆಟ್ಟಿಗೆಯನ್ನು ಗೋಡೆಗೆ ಬೆನ್ನು ಮಾಡಿ ಇಟ್ಟೆ. ಒಳಗಿದ್ದ ಯಾರಿಗೂ ಕಾಣಿಸುವುದಿಲ್ಲ. ತಗಡಿನ ಮಾಡು. ಸೆಕೆ. ಮೂರಕ್ಕೆ ಶುರು.

ಅದೇ ದಿನ, 4:40, ಕ್ಲಬ್ಬಿನ ಹಿಂದಿನ ಮೆಟ್ಟಿಲು

ಬಿಡುವು ಕೊಟ್ಟಿದ್ದಾರೆ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ವಕ್ರ.

ಮೊದಲ ಎರಡು ಹಾಡು ಬೆಣ್ಣೆ. ದಾಲ್ವಾ ಮುಂದೆ, ಹಳದಿ ಅಂಗಿ. ಮೂರನೆಯದಕ್ಕೆ ತಗಡು ಕೆಂಡವಾಗಿತ್ತು. ಟೊಕ್ ಅಂತ ಒಂದು ಸದ್ದು. ರಾಳ ಬಿರಿದದ್ದು, ನನಗೊಬ್ಬನಿಗೇ ಗೊತ್ತು. ಆಮೇಲೆ ಜೀರುಂಡೆ. ಕುಣಿಯುವವರ ಕಾಲು ತಪ್ಪಿತು. ಅಲ್ಮೆರಿಂದೊ ಸ್ಯಾಕ್ಸೊಫೋನ್ ಬಾಯಿಂದ ತೆಗೆದು, ಗದ್ದದಿಂದ ಹಿಂದಿನ ಬೆಂಚು ತೋರಿಸಿದ. ಅಷ್ಟೇ.

ದಾಲ್ವಾ ಹೋಗಲಿಲ್ಲ. ಅವನನ್ನು ನೋಡಲೂ ಇಲ್ಲ. ಬಗ್ಗಿ ಪೆಟ್ಟಿಗೆಯ ಹಿಂದೆ ಕೈ ಹಾಕಿ ಮುಟ್ಟಿದಳು. ನನ್ನನ್ನು ಹುಡುಕಿದಳು, ಮುನ್ನೂರು ಜನರ ನಡುವೆ.

"ಅಣ್ಣಾ. ಬೆನ್ನು ಹಾಕ್ಬಿಟ್ಯಾ?"

ಹೌದು ಅಂತ ತಲೆ ಆಡಿಸಿದೆ. ಇನ್ನೇನು ಮಾಡಲಿ.

ಸ್ಕ್ರೂ ಬಿಚ್ಚುವಂಥದ್ದು ಏನೂ ತಂದಿರಲಿಲ್ಲ. ಅಡುಗೆಮನೆಗೆ ಓಡಿದೆ. ಮೀನು ಕೊಚ್ಚುವ ಕತ್ತಿ ಸಿಕ್ಕಿತು. ವೇದಿಕೆ ಹತ್ತಿ ಪೆಟ್ಟಿಗೆಯನ್ನು ತಿರುಗಿಸಿ, ನನ್ನ ಕೆಲಸಕ್ಕೆ ನಾನೇ ಕತ್ತಿ ಹಾಕಿ ಮೀಟಿದೆ. ಒಂದು ಪಟ್ಟಿ. ಎರಡು. ಸೀಡರ್ ಅಂಚು ಸೀಳಿತು. ಸೀಳಲಿ.

"ಮೇಸ್ತ್ರಿ, ದೋಣಿ ಮುಳುಗ್ತಾ ಇದೆಯಾ?" ಅಂತ ಯಾರೋ ಕೂಗಿದರು.

"ಮುಳುಗಿತ್ತು ಕಣಯ್ಯಾ. ಎತ್ತುತ್ತಾ ಇದೀನಿ."

ಜನ ನಕ್ಕರು. ಪಾಲ್ಮೇರಿಯೊ ಬಂದು ಉಳಿದ ಮೂರನ್ನು ಕೈಯಿಂದಲೇ ಕಿತ್ತ. ಐದು ಪಟ್ಟಿಯನ್ನೂ ಹೊತ್ತುಕೊಂಡು ಹೋಗಿ ಅದರ ಮೇಲೇ ಕೂತ. ನಾನು ಪೆಟ್ಟಿಗೆಯನ್ನು ಮೊದಲಿನ ಹಾಗೆ ತಿರುಗಿಸಿಟ್ಟೆ. ಅಲ್ಮೆರಿಂದೊ ಗಡಿಯಾರ ನೋಡಿದ. "ಒಂದು ಹಾಡು" ಅಂದ ದಾಲ್ವಾಗೆ. "ಒಂದೇ."

ಅವಳು ದಪ್ಪ ತಂತಿಯಿಂದಲೇ ಶುರು ಮಾಡಿದಳು. ಹೆದರಿದವರು ಹಾಗೆ ಮಾಡುವುದಿಲ್ಲ. ಮುಂದಿನವರು ಕುಣಿದರು, ಅದು ಸರಿ. ಆದರೆ ಹಿಂದಿನ ಗೋಡೆಯೆಂದರೆ ಅಡ್ಡಪಟ್ಟಿ ಹೊಡೆದ ಜಾಲರಿ ಅಷ್ಟೇ. ಸದ್ದು ಅದರಿಂದ ಹೊರಗೆ ಹೋಯಿತು. ಅಡುಗೆಯವರು ಸೌಟು ಹಿಡಿದೇ ಬಂದರು. ಮೆಟ್ಟಿಲಿಗೆ ದೋಣಿ ಕಟ್ಟಿ ಕೂತಿದ್ದವರು, ಟಿಕೆಟಿಲ್ಲದವರು, ದೋಣಿಯಲ್ಲೇ ಎದ್ದು ಕುಣಿಯತೊಡಗಿದರು. ಒಬ್ಬ ನೀರಿಗೆ ಬಿದ್ದ. ಒಂದು ಹಾಡು ಆರಾಯಿತು. ನಾಲ್ಕನೆಯದರಲ್ಲಿ ಅಲ್ಮೆರಿಂದೊ ಊದುತ್ತ ಊದುತ್ತಲೇ ಎರಡು ಹೆಜ್ಜೆ ಬದಿಗೆ ಸರಿದು ಅವಳಿಗೆ ನಡುವೆ ಜಾಗ ಬಿಟ್ಟ. ಬಿಳಿ ಷೂಸಿನ ಆ ಎರಡು ಹೆಜ್ಜೆ ನಾನು ಕಣ್ಣಾರೆ ಎಣಿಸಿದೆ.

ಬಿಡುವಿನಲ್ಲಿ ನನ್ನ ಬಳಿ ಬಂದ. "ಬಾರ್ಕರೇನಾದವನಿಗೆ ಬೇಡ ಅಂತ ಹೇಳಿಕಳಿಸ್ತೀನಿ. ನೀನು ಆ ಪೆಟ್ಟಿಗೆ ಮುಟ್ಟಬೇಡ."

ದಾಲ್ವಾ ನಿಂಬೆ ಪಾನಕ ತಂದುಕೊಟ್ಟಳು. ಮೊದಲು ನನ್ನ ಬೆನ್ನಿಗೊಂದು ಗುದ್ದಿದಳು. ನೋವಾಯಿತು. ಗಿಟಾರು ನುಡಿಸುವ ಕೈ.

"ಸೀಳಿದ ಅಂಚು ನಾಳೆ ಸರಿ ಮಾಡ್ತೀನಿ" ಅಂದೆ.

"ಅಂಚು ಮಾತ್ರ" ಅಂದಳು.

ಅಲ್ಮೆರಿಂದೊ ಮೈಕಿನಲ್ಲಿ ಬ್ಯಾಂಡಿನವರ ಹೆಸರುಗಳನ್ನು ಹೇಳುತ್ತಿದ್ದಾನೆ. ಅವಳದು ಮೊದಲು. ನಾನು ಜಾಲರಿಯ ಈಚೆ, ಪೆಟ್ಟಿಗೆಯ ತೆರೆದ ಕಡೆ ಕೂತಿದ್ದೇನೆ. ಒಳಗೆ, ಪೆಟ್ಟಿಗೆಯ ಪಕ್ಕ, ಆಂಪ್ಲಿಫೈಯರಿನ ವಾಲ್ವುಗಳ ಕೆಂಪು ಬೆಳಕು, ಸೀಡರಿನ ವಾಸನೆ ಬಿಸಿಗೆ ಎದ್ದು ಬರುತ್ತಿದೆ, ಇಲ್ಲಿಂದ ಕೇಳಿದರೆ — ಅಗೋ, ದಾಲ್ವಾ ದಪ್ಪ ತಂತಿ ಮೀಟಿದಳು, ಉಳಿದದ್ದು ಆಮೇಲೆ ಬರೆಯುತ್ತೇನೆ.