ಕಹಿನೀರು ಕಣಿವೆಯ ಅಪರಿಚಿತ ಪ್ರಾಣಿ ನನ್ನ ಚಿಕ್ಕಪ್ಪ

ಕಹಿನೀರು ಕಣಿವೆಯ ಗೇಟಿಗೆ ಬೀಗ ಜಡಿಸಿ, ಕೀಲಿಯನ್ನು ತೊಂಬತ್ತು ಮೈಲಿ ದೂರದ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿರುವ ಕೇಂದ್ರ ಸರ್ಕಾರದ ಜಮೀನು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಏಪ್ರಿಲ್ ತಿಂಗಳ ಗೆಜೆಟ್‌ನಲ್ಲಿ ತಾವು ಪ್ರಕಟಿಸಿದ, ಯಾವುದರ ರಕ್ಷಣೆಗಾಗಿ ಹನ್ನೆರಡು ಸಾವಿರ ಎಕರೆಯನ್ನು ಮುಚ್ಚಿದಿರೋ ಆ ‘ಅಪರಿಚಿತ ದೊಡ್ಡ ಸಸ್ತನಿ’ ನನ್ನ ಚಿಕ್ಕಪ್ಪ. ಹೆಸರು ಗಾನಿಶ್ ಇರಿಬಾರ್ನೆ. ವಯಸ್ಸು ಎಂಬತ್ತೆರಡು. ಬೆಳಿಗ್ಗೆ ಬ್ರೆಡ್ಡಿನ ಜೊತೆ ಕಾಫಿ ಕುಡಿಯುತ್ತಾರೆ, ಭಾನುವಾರ ಇಸ್ಪೀಟು ಆಡುತ್ತಾರೆ, ಪ್ರತಿ ಚುನಾವಣೆಯಲ್ಲೂ ಮತ ಹಾಕುತ್ತಾರೆ. ಇಷ್ಟನ್ನು ನಾವು ಫೋನಿನಲ್ಲಿ ಎರಡು ಸಲ, ರಿಜಿಸ್ಟರ್ಡ್ ಅಂಚೆಯಲ್ಲಿ ಮೂರು ಸಲ, ತಮ್ಮ ಎದುರಿಗೇ ನಿಂತು ಒಂದು ಸಲ ಹೇಳಿದ್ದೇವೆ. ತಾವು ನಂಬಲಿಲ್ಲ. ಆದ್ದರಿಂದ ಈಗ ಇಡೀ ನೆವಾಡಾ ರಾಜ್ಯಕ್ಕೆ ಕೇಳುವ ಹಾಗೆ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಮ್ಮಲ್ಲಿ ಹತ್ತು ಎಕರೆ ನೆಲವಿದ್ದರೆ ಎಂಟು ಎಕರೆ ಕೇಂದ್ರ ಸರ್ಕಾರದ್ದು. ಅದರ ಬಗ್ಗೆ ನನಗೆ ತಕರಾರಿಲ್ಲ. ನಾನು ಹುಟ್ಟುವ ಮೊದಲೇ ಅದು ಹಾಗಿತ್ತು. ಚಿಕ್ಕಪ್ಪ ಹದಿನೇಳನೇ ವಯಸ್ಸಿನಲ್ಲಿ ಸಮುದ್ರದಾಚೆಯ ಬಾಸ್ಕ್ ಸೀಮೆಯ ಬೆಟ್ಟದ ಹಳ್ಳಿಯಿಂದ ಇಲ್ಲಿಗೆ ಬಂದು, ನನ್ನ ಅಪ್ಪನ ಜೊತೆ ಕುರಿ ಕಾಯತೊಡಗಿದರು. ಅಪ್ಪ ತೀರಿಕೊಂಡ ಮೇಲೆ ಹಿಂಡನ್ನು ನಾವಿಬ್ಬರೇ ನೋಡಿಕೊಂಡು ಬಂದಿದ್ದೇವೆ. ಒಂಬೈನೂರು ಕುರಿ, ಅವುಗಳ ಮರಿಗಳು, ಮೂರು ನಾಯಿ, ಪೆರು ದೇಶದಿಂದ ಬಂದ ಎಲೆಯುತೇರಿಯೋ ಎಂಬ ಕುರಿಗಾಹಿ, ಮತ್ತೆ ನಾವಿಬ್ಬರು. ಪ್ರತಿ ಜೂನ್‌ನಲ್ಲಿ ಕೆಳಗಿನ ಹುಲ್ಲು ಒಣಗುವ ಹೊತ್ತಿಗೆ ಕಹಿನೀರು ಕಣಿವೆ ಹತ್ತಿ ನಾಲ್ಕು ದಿನಕ್ಕೆ ಬೆಟ್ಟ ಸೇರುತ್ತೇವೆ. ಸೆಪ್ಟೆಂಬರ್‌ನಲ್ಲಿ ಅದೇ ಹಾದಿಯಲ್ಲಿ ಇಳಿಯುತ್ತೇವೆ. ಚಿಕ್ಕಪ್ಪ ಅರವತ್ತೈದು ಬೇಸಿಗೆ ಹೀಗೆ ಹತ್ತಿ ಇಳಿದಿದ್ದಾರೆ. ಆ ಹಾದಿಯಲ್ಲಿ ಹೋಗಲು ನಮಗೆ ಪರವಾನಗಿ ಇದೆ. ಪರವಾನಗಿ ಕೊಟ್ಟವರು ತಾವೇ.

ಈಗ ಆ ದಿನ ನಡೆದದ್ದನ್ನು ಕೇಳಿ. ಮಾರ್ಚ್ ತಿಂಗಳ ಎರಡನೇ ವಾರ, ಹಾದಿಯಲ್ಲಿ ಹಿಮ ಎಷ್ಟು ಕರಗಿದೆ ಎಂದು ನೋಡಲು ಚಿಕ್ಕಪ್ಪ ಒಬ್ಬರೇ ಕಣಿವೆಗೆ ಹೋದರು. ಮೈಮೇಲೆ ಕುರಿಚರ್ಮದ ಕೋಟು, ತುಪ್ಪಟ ಹೊರಗೆ. ಮೊದಲ ತಿರುವಿನ ಜುನಿಪರ್ ಮರದ ಹತ್ತಿರ ಅವರಿಗೆ ಸೀನು ಬಂತು. ಸೀನಿನ ರಭಸಕ್ಕೆ ಮೇಲಿನ ಹಲ್ಲಿನ ಸೆಟ್ಟು ಹಾರಿ ಹಿಮದಲ್ಲಿ ಬಿತ್ತು. ಎಂಬತ್ತೆರಡರ ಮನುಷ್ಯ ನಾಲ್ಕು ಕಾಲಿನ ಮೇಲೆ ಅಂಬೆಗಾಲಿಟ್ಟು ಇಪ್ಪತ್ತು ನಿಮಿಷ ಹುಡುಕಿದರು, ಸಿಕ್ಕಿತು, ಒರೆಸಿ ಹಾಕಿಕೊಂಡು ಮನೆಗೆ ಬಂದರು. ಇಂಥ ವಿಷಯವನ್ನು ಯಾರು ತಾನೇ ಊರೆಲ್ಲ ಸಾರುತ್ತಾರೆ? ನನಗೂ ಹೇಳಲಿಲ್ಲ. ಆದರೆ ಆ ಜುನಿಪರ್ ಮರಕ್ಕೆ ತಮ್ಮ ಕಚೇರಿಯವರು ಕಾಡುಪ್ರಾಣಿಗಳ ಎಣಿಕೆಗೆಂದು ಕ್ಯಾಮೆರಾ ಕಟ್ಟಿದ್ದರು. ಅದು ಹದಿನಾಲ್ಕು ಚಿತ್ರ ತೆಗೆಯಿತು.

ಏಪ್ರಿಲ್‌ನಲ್ಲಿ ಗೇಟಿಗೆ ಬೀಗ ಬಿತ್ತು. ಪ್ರಕಟಣೆಯನ್ನು ಗೇಟಿನ ಈಚೆಗಲ್ಲ, ಆಚೆಗೆ, ಒಳಗಿನ ಕಂಬಕ್ಕೆ ಅಂಟಿಸಿದ್ದರು. ಏನೆಂದು ಓದಲು ನಾನು ಬೇಲಿ ಹಾರಿ ಒಳಗೆ ಹೋದೆ. ಒಳಗೆ ಬರುವುದು ಶಿಕ್ಷಾರ್ಹ ಅಪರಾಧ ಎಂದು ಮೂರನೆಯ ಪುಟದಲ್ಲಿ ಓದಿ ತಿಳಿದುಕೊಂಡೆ. ನಾಲ್ಕನೆಯ ಪುಟದಲ್ಲಿ ಪ್ರಾಣಿಯ ವಿವರಣೆ: ‘ಪ್ರಾಯಕ್ಕೆ ಬಂದ ಗಂಡು ಇರಬಹುದು. ದಟ್ಟ ಉಣ್ಣೆ. ಬಾಲವಿಲ್ಲ. ಮುಂಗಾಲಿನಿಂದ ನೆಲ ಕೆದಕುವ ಸ್ವಭಾವ. ಹಿಂಭಾಗದಲ್ಲಿ ಕೆಂಪು ಚೌಕಾಕಾರದ ಮಚ್ಚೆ, ಬೆದೆಗಾಲದ ಗುರುತಿದ್ದೀತು.’ ಪಕ್ಕದಲ್ಲಿ ಬಣ್ಣದ ಚಿತ್ರ. ಮಾನ್ಯರೇ, ಆ ಬೆದೆಗಾಲದ ಗುರುತನ್ನು ಎರಡು ವರ್ಷದ ಹಿಂದೆ ಹಳೆಯ ಕಂಬಳಿಯಿಂದ ಕತ್ತರಿಸಿ, ದಬ್ಬಳದಲ್ಲಿ ಹೊಲಿದು ತೇಪೆ ಹಾಕಿದವಳು ನಾನು.

ಪ್ರಕಟಣೆ ಕಿತ್ತುಕೊಂಡು ಮನೆಗೆ ಬಂದೆ (ಇದೂ ಅಪರಾಧವೇ, ಬರೆದುಕೊಳ್ಳಿ). ಚಿಕ್ಕಪ್ಪ ಅಡಿಗೆಮನೆಯಲ್ಲಿ ಅವರೆಕಾಳು ಬೇಯಿಸುತ್ತಿದ್ದರು. ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ಪ್ರಾಯಕ್ಕೆ ಬಂದ ಗಂಡು ಅಂತ ಬರ್ದವ್ರೆ,” ಎಂದರು. “ಆ ಪುಟ ನಂಗೆ ಕೊಡು ಮಗಳೇ, ಇಟ್ಕೋತೀನಿ.”

ಅವತ್ತು ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಒಂದು ಫೋನು ಮಾಡಿದರೆ ಮುಗಿಯುತ್ತದೆ ಎಂದುಕೊಂಡಿದ್ದೆವು.

ಫೋನು ಮಾಡಿದೆ. ತಮ್ಮ ಕಚೇರಿಯವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಸಾರ್ವಜನಿಕರ ಅಭಿಪ್ರಾಯವನ್ನು ಲಿಖಿತವಾಗಿ ಮಾತ್ರ ಸ್ವೀಕರಿಸಲಾಗುವುದು ಎಂದರು. ಬರೆದೆ. ಉತ್ತರ ಬಂತು: ‘ತಮ್ಮ ಅಭಿಪ್ರಾಯವನ್ನು ವಿರೋಧ, ಜಾನುವಾರು ಹಿತಾಸಕ್ತಿ ಎಂಬ ಶೀರ್ಷಿಕೆಯಡಿ ದಾಖಲಿಸಲಾಗಿದೆ.’ ಇದು ನನ್ನ ಅಭಿಪ್ರಾಯವಲ್ಲ, ನನ್ನ ಚಿಕ್ಕಪ್ಪ ಎಂದು ಮತ್ತೆ ಬರೆದೆ. ಹಾಗಿದ್ದರೆ ಸದರಿ ಪ್ರಾಣಿಯ ಮೇಲೆ ಖಾಸಗಿ ಒಡೆತನದ ಹಕ್ಕು ಸಾಧಿಸುವವರು ತುಂಬಬೇಕಾದ ಅರ್ಜಿಯನ್ನು ಲಗತ್ತಿಸಿದೆ ಎಂದು ಉತ್ತರ ಬಂತು. ಅದರಲ್ಲಿ ಪ್ರಾಣಿಗೆ ಲಸಿಕೆ ಹಾಕಿಸಿದ ದಿನಾಂಕ, ಕಿವಿಯ ಓಲೆಯ ಸಂಖ್ಯೆ, ಯಾರಿಂದ ಪಡೆದದ್ದು ಎಂಬ ಅಂಕಣಗಳಿದ್ದವು. ಕೊನೆಯದಕ್ಕೆ ‘ಅಜ್ಜಿಯಿಂದ’ ಎಂದು ಬರೆದು ಕಳಿಸಿದೆ. ಅರ್ಜಿ ಅಪೂರ್ಣವೆಂದು ವಾಪಸಾಯಿತು.

ಮೇ ತಿಂಗಳಲ್ಲಿ ಕೌಂಟಿ ಪಟ್ಟಣದ ಶಾಲೆಯ ಆಟದ ಹಾಲ್‌ನಲ್ಲಿ ತಾವು ಬಹಿರಂಗ ವಿಚಾರಣೆ ಇಟ್ಟಿರಿ. ನಲವತ್ತು ಜನ ಬಂದಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಚಿಕ್ಕಪ್ಪ ಆ ಬಿಸಿಲಿನಲ್ಲೂ ಕೋಟು ತೊಟ್ಟು, ಗಡ್ಡ ಬೋಳಿಸಿಕೊಂಡು, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ತಾವು ವೇದಿಕೆಯ ಮೇಲೆ ಕೂತಿದ್ದಿರಿ. ತಮ್ಮ ಪಕ್ಕದಲ್ಲಿ ಪ್ರಾಣಿತಜ್ಞೆಯೊಬ್ಬಳು, ಇನ್ನೂ ಚಿಕ್ಕ ಪ್ರಾಯದ ಹೆಣ್ಣುಮಗಳು, ಅಳತೆಯ ಟೇಪು ಹಿಡಿದು ಕೂತಿದ್ದಳು. ಅಲ್ಲಿ ನಡೆದ ಮಾತನ್ನು ನಾನು ಒಂದಕ್ಷರ ಕೂಡಿಸದೆ, ಕಳೆಯದೆ ಬರೆಯುತ್ತೇನೆ. ತಪ್ಪಿದ್ದರೆ ತಮ್ಮ ನಡವಳಿ ಪುಸ್ತಕ ತೆರೆದು ತೋರಿಸಿ.

ಚಿಕ್ಕಪ್ಪ ಟೋಪಿ ಕೈಯಲ್ಲಿ ಹಿಡಿದುಕೊಂಡು ಹೇಳಿದರು: “ಸಾರ್, ಆ ಚಿತ್ರದಲ್ಲಿರೋದು ನಾನೇ. ಹಲ್ಲು ಬಿದ್ದೋಗಿತ್ತು, ಹುಡುಕ್ತಿದ್ದೆ.”

ತಾವು ಕಾಗದ ತಿರುವಿ ಹೇಳಿದಿರಿ: “ಚಿತ್ರದಲ್ಲಿರೋ ಪ್ರಾಣಿ ನಾಲ್ಕು ಕಾಲಿಂದು. ತಾವು ಎರಡು ಕಾಲ್ಮೇಲೆ ನಿಂತಿದೀರಿ.”

ಹಾಲ್‌ನಲ್ಲಿ ನಗು ಎದ್ದಿತು. ನಾನೂ ನಕ್ಕೆ. ಚಿಕ್ಕಪ್ಪ ನಗಲಿಲ್ಲ. ಅದನ್ನು ಅವರು ಪ್ರಶ್ನೆ ಎಂದೇ ತೆಗೆದುಕೊಂಡರು. ಸರ್ಕಾರದವರು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕು ಎಂದು ನಂಬಿದ ಕಾಲದ ಮನುಷ್ಯ. ಟೋಪಿಯನ್ನು ಕುರ್ಚಿಯ ಮೇಲಿಟ್ಟರು. ಒಂದು ಮಂಡಿ ಊರಿದರು, ಆಮೇಲೆ ಇನ್ನೊಂದು, ಆಮೇಲೆ ಅಂಗೈಗಳನ್ನು ಊರಿದರು. ಮಕ್ಕಳು ಚೆಂಡಾಡುವ ಆ ನುಣುಪು ಮರದ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ತಮ್ಮ ವೇದಿಕೆಯ ಕಡೆಗೆ ಐದಾರು ಹೆಜ್ಜೆ ಹೋದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ, ಗೋಡೆಯ ಗಡಿಯಾರ ನೋಡಿದೆ. ತಾವೂ ಅದನ್ನೇ ನೋಡುತ್ತಿದ್ದಿರಿ.

“ತಮ್ಮ ಮೂರು ನಿಮಿಷ ಮುಗೀತು,” ಎಂದಿರಿ.

ಅವರಿಗೆ ಏಳಲು ಆಗಲಿಲ್ಲ. ಬಲ ಮಂಡಿ ಕೈಕೊಟ್ಟಿತ್ತು. ನಾನು ಓಡುವ ಮೊದಲೇ ಆ ತಜ್ಞೆ ವೇದಿಕೆಯಿಂದ ಇಳಿದು ಬಂದು ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಕೋಟಿನ ಹಿಂಭಾಗವನ್ನು ಒಂದು ಸಲ ನೋಡಿದಳು. “ನಂಗೆ ಗೊತ್ತಾಯ್ತು ತಾತ. ವರದೀಲಿ ಬರೀತೀನಿ,” ಎಂದು ಮೆಲ್ಲಗೆ ಹೇಳಿದಳು. ಬರೆದೂ ಬರೆದಳಂತೆ. ಅವಳ ವರದಿ ಏನಾಯಿತು ಎಂದು ವಿಚಾರಿಸಿದಾಗ, ಪ್ರತ್ಯಕ್ಷ ಸಾಕ್ಷ್ಯವು ಕ್ಯಾಮೆರಾ ಸಾಕ್ಷ್ಯಕ್ಕೆ ಸಮವಲ್ಲ, ಗುರುತು ಬದಲಿಸಬೇಕಾದರೆ ಅದೇ ಸ್ಥಳದ ಅದೇ ಕ್ಯಾಮೆರಾದಿಂದ ಹೊಸ ಪುರಾವೆ ಬೇಕು ಎಂಬ ಉತ್ತರ ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳುತ್ತಾರೆ, ಒಪ್ಪಿದೆ. ಪ್ರಮಾಣಿಸಿ ನೋಡಿದ ಮೇಲೂ ನಂಬಬೇಡ ಎಂದು ಹೇಳಿದ ಹಿರಿಯರು ಯಾವ ಊರಿನವರು?

ಅದೇ ಕ್ಯಾಮೆರಾ ತಾನೇ ಬೇಕಾದದ್ದು? ಮಾರನೆಯ ವಾರ ಚಿಕ್ಕಪ್ಪ ನನಗೆ ಹೇಳದೆ ಕುಂಟಿಕೊಂಡು, ಬೇಲಿ ನುಸುಳಿ ಕಣಿವೆಗೆ ಹೋದರು. ಜುನಿಪರ್ ಮರದ ಎದುರು ಅದೇ ಕೋಟಿನಲ್ಲಿ, ಟೋಪಿ ತೆಗೆದು, ನೆಟ್ಟಗೆ ನಿಂತು, ಪಾಸ್‌ಪೋರ್ಟಿಗೆ ನಿಲ್ಲುವ ಹಾಗೆ ಮುಖ ತೋರಿಸಿ ಬಂದರು. ಅದರ ಫಲ ಜೂನ್ ಒಂದರಂದು ಗೆಜೆಟ್‌ನಲ್ಲಿ ಬಂತು: ‘ಅದೇ ಸ್ಥಳದಲ್ಲಿ ನೆಟ್ಟಗೆ ನಿಲ್ಲುವ, ಮುಖದಲ್ಲಿ ಕೂದಲಿಲ್ಲದ ಎರಡನೆಯ ಪ್ರಾಣಿಯೊಂದು ದಾಖಲಾಗಿದೆ. ಸಂಖ್ಯೆ ದ್ವಿಗುಣಗೊಂಡಿರುವುದು ಆಶಾದಾಯಕ. ಸಂತಾನಾಭಿವೃದ್ಧಿಯ ಅಧ್ಯಯನಕ್ಕಾಗಿ ನಿಷೇಧವನ್ನು ಮುಂದಿನ ಮೇ ತಿಂಗಳವರೆಗೆ ವಿಸ್ತರಿಸಲಾಗಿದೆ.’ ಮಾನ್ಯರೇ, ನನ್ನ ಚಿಕ್ಕಪ್ಪ ಮದುವೆಯಾದವರಲ್ಲ. ಎಂಬತ್ತೆರಡನೇ ವಯಸ್ಸಿನಲ್ಲಿ ಅವರ ಸಂತಾನದ ಬಗ್ಗೆ ಭರವಸೆ ಇಟ್ಟುಕೊಂಡಿರುವುದು ಇಡೀ ಭೂಮಂಡಲದಲ್ಲಿ ತಮ್ಮ ಕಚೇರಿಯೊಂದೇ.

ಕುರಿಗಳು ಗೆಜೆಟ್ ಓದುವುದಿಲ್ಲ. ಕೆಳಗೆ ಹುಲ್ಲು ಮುಗಿದಿತ್ತು. ಜೂನ್ ಹನ್ನೆರಡರಂದು ಒಂಬೈನೂರು ಕುರಿಗಳನ್ನು ಹೆದ್ದಾರಿಗೆ ಹತ್ತಿಸಿದೆವು. ನಾಲ್ಕು ದಿನದ ಹಾದಿ ಒಂಬತ್ತು ದಿನವಾಯಿತು. ಎಲೆಯುತೇರಿಯೋ ಮುಂದೆ, ನಾನು ಹಿಂದೆ. ಮಂಡಿ ಊದಿಕೊಂಡಿದ್ದ ಚಿಕ್ಕಪ್ಪ ನಡುವೆ ಪಿಕಪ್ ಗಾಡಿಯಲ್ಲಿ, ದೀಪ ಮಿನುಗಿಸುತ್ತ, ಮನುಷ್ಯ ನಡೆಯುವ ವೇಗದಲ್ಲಿ. ಕುರಿಗಳಿಗೆ ಡಾಂಬರಿನ ಅಭ್ಯಾಸವಿಲ್ಲ. ಗೊರಸು ಸವೆದು ಕುಂಟತೊಡಗಿದವು. ಐದನೆಯ ದಿನ ಒಂದು ಲಾರಿ ಹಾರನ್ ಹೊಡೆದದ್ದಕ್ಕೆ ಹಿಂಡು ಬೆದರಿ ಸೇತುವೆಯ ಪಕ್ಕದ ಕಂದಕಕ್ಕೆ ನುಗ್ಗಿತು. ಮೂವತ್ತೊಂದು ಮರಿಗಳು ಕೆಳಗೆ ಸಿಕ್ಕಿ ಸತ್ತವು. ಚಿಕ್ಕಪ್ಪ ಗಾಡಿಯಿಂದಿಳಿದು, ಕೋಲೂರಿಕೊಂಡು ಕಂದಕದಲ್ಲಿ ಒಂದೊಂದನ್ನೇ ಮುಟ್ಟಿ ನೋಡಿದರು. ಎಲೆಯುತೇರಿಯೋ ಅವರ ತೋಳು ಹಿಡಿದು ಮೇಲೆ ಕರೆತಂದ. ಸಂಜೆ, ಗಾಡಿಯ ಕಿಟಕಿಯಿಂದ ಹೊರಗೆ ನೋಡುತ್ತ, ಅವರು ಒಂದು ಮಾತು ಹೇಳಿದರು.

“ಹಾರನ್ ಹೊಡ್ದಾಗ ಅವೆಲ್ಲಾ ನನ್ ಕಡೆ ತಿರುಗಿದ್ವು ಮಗಳೇ. ನಾನು ಸೀಟಲ್ಲಿ ಕೂತಿದ್ದೆ.”

ನಿಗದಿತ ದಿನಕ್ಕಿಂತ ಐದು ದಿನ ತಡವಾಗಿ ಬೆಟ್ಟ ಮುಟ್ಟಿದೆವು. ಪರವಾನಗಿಯಲ್ಲಿ ನಮೂದಿಸಿದ ಹಾದಿಯನ್ನು ಬಿಟ್ಟು ಬಂದದ್ದೇಕೆ ಎಂದು ಕಾರಣ ಕೇಳುವ ತಮ್ಮ ನೋಟೀಸು ಜುಲೈನಲ್ಲಿ ತಲುಪಿತು. ಅದನ್ನು ಓದಿ ನಾನು ನಕ್ಕೆ ಎಂದು ಬರೆಯಬೇಕೆಂದಿದೆ. ಆದರೆ ನಗು ಬರಲಿಲ್ಲ.

ಈಗ ಚಿಕ್ಕಪ್ಪ ಬೆಟ್ಟದ ಮೇಲೆ, ಕುರಿಗಾಹಿಗಳ ಗಾಲಿಮನೆಯಲ್ಲಿದ್ದಾರೆ. ವೈದ್ಯರಿಗೆ ತೋರಿಸೋಣ, ನನ್ನ ಜೊತೆ ಗಾಡಿಯಲ್ಲಿ ಇಳಿದು ಬನ್ನಿ ಎಂದು ಹೋದ ವಾರ ಹೋಗಿ ಕರೆದೆ. ಬರಲಿಲ್ಲ. ಹಠದ ದನಿಯಲ್ಲೂ ಹೇಳಲಿಲ್ಲ, ಬ್ರೆಡ್ಡು ಕೊಯ್ಯುತ್ತ ಸಾಧಾರಣವಾಗಿ ಹೇಳಿದರು: “ಕುರಿ ಬಿಟ್ಟು ಇಳಿಯಲ್ಲ. ಕುರೀನ ಆ ರಸ್ತೇಲಿ ಇನ್ನೊಂದ್ಸಲ ನಡೆಸಲ್ಲ. ಕಣಿವೆ ಬಿಟ್ರೆ ಇಳೀತೀನಿ. ಬಿಡ್ಲಿಲ್ಲ ಅಂದ್ರೆ ಇಲ್ಲೇ ಇರ್ತೀನಿ.” ಅಕ್ಟೋಬರ್ ಎರಡನೇ ವಾರಕ್ಕೆ ಅಲ್ಲಿ ಸೊಂಟದುದ್ದ ಹಿಮ ಬೀಳುತ್ತದೆ. ತಮ್ಮ ನಿಷೇಧ ಮೇ ತಿಂಗಳವರೆಗಿದೆ. ನಡುವಿನ ಏಳು ತಿಂಗಳಿಗೆ ತಮ್ಮ ನಿಯಮಾವಳಿಯಲ್ಲಿ ಏನಾದರೂ ಉಪಾಯವಿದೆಯೇ?

ನನ್ನ ಬೇಡಿಕೆ ಇಷ್ಟೇ. ಆ ಪ್ರಾಣಿ ಮನುಷ್ಯನೆಂದು ಒಪ್ಪಿ ಗೇಟು ತೆಗೆಯಿರಿ. ಒಪ್ಪಲು ಮನಸ್ಸಿಲ್ಲದಿದ್ದರೆ ಬೇಡ, ತಮ್ಮ ಪ್ರಕಟಣೆಯ ಐದನೆಯ ಪುಟವನ್ನೇ ಪಾಲಿಸಿ. ಅಲ್ಲಿ ತಮ್ಮ ಸಹಿಯ ಮೇಲೆ ಹೀಗಿದೆ: ‘ಸದರಿ ಪ್ರಾಣಿಯು ತನ್ನ ಎಂದಿನ ಹಾದಿಯಲ್ಲಿ ಬೆಟ್ಟದಿಂದ ಇಳಿದು ಬರುವುದನ್ನು ಯಾವ ವ್ಯಕ್ತಿಯಾಗಲಿ, ಸಂಸ್ಥೆಯಾಗಲಿ, ಬೇಲಿ, ಗೇಟು ಅಥವಾ ಬೀಗದಿಂದ ತಡೆಯಕೂಡದು.’ ಸೆಪ್ಟೆಂಬರ್ ಹದಿನೈದರ ಬೆಳಿಗ್ಗೆ ಅದು ಇಳಿಯಲಿದೆ. ಜೊತೆಯಲ್ಲಿ ಒಂಬೈನೂರು ಕುರಿಗಳಿರುತ್ತವೆ. ತಾವು ಕೀಲಿ ತೆಗೆದುಕೊಂಡು ಖುದ್ದಾಗಿ ಬನ್ನಿ. ಬರಲಾಗದಿದ್ದರೆ ಆ ತಜ್ಞೆಯ ಕೈಯಲ್ಲಾದರೂ ಕೊಟ್ಟು ಕಳಿಸಿ. ಚಿಕ್ಕಪ್ಪನನ್ನು ಹೇಗೆ ಕೈ ಕೊಟ್ಟು ಎತ್ತಬೇಕೆಂದು ಅವಳಿಗೆ ಗೊತ್ತಿದೆ.

ಇಂತಿ,
ತಮ್ಮ ಗೆಜೆಟ್ ಓದಲೆಂದೇ ಕನ್ನಡಕದ ನಂಬರು ಬದಲಿಸಿಕೊಂಡಿರುವ,
ಬೇಲಿ ಹಾರಿದ ತಪ್ಪನ್ನು ಒಪ್ಪಿಕೊಂಡಿರುವ,
ಗ್ರಾಸಿಯಾನಾ ಇರಿಬಾರ್ನೆ