ಟಕ್ ಅಂದರೆ ಹೊರಡು

ಸೋಮು ಮಾಮಾ, ನನ್ನ ಮುದ್ದು ಮಾಮಾ,

ನನಗೆ ಮದುವೆಯಾಯಿತು! ಹುಡುಗ ಚಿಂತಾಮಣಿಯವನು, ಕಾರ್ತಿಕ್. ಎಷ್ಟು ಒಳ್ಳೆಯವನು ಅಂದರೆ... ಬಿಡು, ಅದನ್ನೇ ಬರೆಯುತ್ತ ಕೂತರೆ ಪುಟ ಸಾಲದು. ಇಂಗ್ಲಿಷ್ ಮೀಡಿಯಂ ಸೊಸೆಯ ಕನ್ನಡ ಇದು, ತಪ್ಪಿದ್ದರೆ ನಕ್ಕುಬಿಡು.

ತೊಂಡೇಬಾವಿ ಸ್ಟೇಷನ್ ನೆನಪಿದೆಯಾ? ಯುದ್ಧದ ಸುದ್ದಿಗೆಂದು ನೀನು ಕ್ಯಾಮೆರಾ ಹೊತ್ತು ಹೊರಟಾಗಲೆಲ್ಲ ರೈಲು ಹತ್ತಿಸಲು ನಾನೂ ಬರುತ್ತಿದ್ದೆ. ಗುಂಡು ತಡೆಯುವ ಜಾಕೆಟ್ ತೆಗೆದು, ಎದೆಯ ಕಡೆಗೊಮ್ಮೆ ಬೆನ್ನಿನ ಕಡೆಗೊಮ್ಮೆ ನೀನು ಬೆರಳಿನಿಂದ ತಟ್ಟುತ್ತಿದ್ದೆ. "ಒಳಗೆ ಪ್ಲೇಟ್ ಇದಾವಾ ಅಂತ ಬಾಗಿಲು ತಟ್ಟಿ ಕೇಳ್ಬೇಕು ಕಣೇ. ಟಕ್ ಅಂದ್ರೆ ಹೊರಡು."

ಮದುವೆಯ ಅರಿಶಿನ ಮಾಸುವ ಮೊದಲೇ ನಾನು ಕೆಲಸ ಮಾಡುವ ನ್ಯೂಸ್ ಚಾನೆಲ್‌ನಿಂದ ಫೋನ್ ಬಂತು. ಗಡಿಯಲ್ಲಿ ಶೆಲ್ ದಾಳಿ, ಹೋಗುತ್ತೀಯಾ? ಹೂಂ ಅಂದೆ. ಕಾರ್ತಿಕ್ ಅಮ್ಮ, ನನ್ನ ಅತ್ತೆ, ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮಾಮ ತೀರ್ಕೊಂಡಾಗ್ಲೂ ಜಾಕೆಟ್ ಹಾಕ್ಕೊಂಡೇ ಇದ್ರಂತಲ್ಲಮ್ಮ?"

ಹೊರಡುವ ಬೆಳಿಗ್ಗೆ ಹೊರಗೆ ಕಾರಿನ ಹಾರ್ನ್. ಅಭ್ಯಾಸಕ್ಕೆ, ಚಾನೆಲ್‌ನವರು ಕೊಟ್ಟಿದ್ದ ಜಾಕೆಟ್ ತಟ್ಟಿದೆ. ಸದ್ದೇ ಇಲ್ಲ! ಬೆರಳು ಮೆತ್ತಗೆ ಒಳಕ್ಕೆ ಹೋಯಿತು.

"ಅತ್ತೇ, ಇದರೊಳಗಿದ್ದ ಪ್ಲೇಟು?"

"ಯಾರ್ಯಾರೋ ಬೆವರಿದ್ದನ್ನ ಹೊಸ ಮದುವಣಗಿತ್ತಿ ಹಂಗೇ ಹಾಕ್ಕೊಳ್ಳೋದಾ? ಒಗೆದ್ಹಾಕ್ದೆ. ಹೊಸ ಶರಟಿಗೆ ರಟ್ಟು ಇಟ್ಟಿರ್ತಾರಲ್ಲ, ಹಂಗೇ ಅಂದ್ಕೊಂಡೆ."

"ಈಗೆಲ್ಲಿವೆ?"

"ಉಪ್ಪಿನಕಾಯಿ ಭರಣಿ ಮೇಲೆ. ಬೆಕ್ಕು ಮುಚ್ಚಳ ಬೀಳಿಸ್ತಿತ್ತು."

"ಅಮ್ಮಾ, ಗುಂಡು ತಡೆಯೋದೇ ಅದು!" ಕಾರ್ತಿಕ್ ಕೂಗಿದ.

ಇನ್ನು ಮುಗಿಯಿತು, ಅತ್ತೆ ನನ್ನನ್ನು ಕಳಿಸುವುದಿಲ್ಲ ಅಂದುಕೊಂಡೆ. ಅವರು ಹೋಗಿ ಪ್ಲೇಟುಗಳನ್ನು ತಂದರು, ಸೆರಗಿನಿಂದ ಎಣ್ಣೆ ಒರೆಸಿದರು, ತಾವೇ ಒಳಗಿಟ್ಟು ಎರಡೂ ಕಡೆ ತಟ್ಟಿದರು. "ಟಕ್ ಅಂತು. ಹೋಗ್ಬಾಮ್ಮ."

ಗಡಿಯ ಹಳ್ಳಿಯಲ್ಲಿ ಮೊದಲ ಶೆಲ್ ಬಿದ್ದಾಗ ಕಾಲು ತಾನಾಗಿ ಆ ಕಡೆ ತಿರುಗಿತು. ಎರಡನೆಯದೂ ಅಲ್ಲಿಗೇ ಬರುತ್ತದೆ, ಕಾಯಬೇಕು ಎಂದು ಕಲಿಸಿದವನು ನೀನೇ. ಹಾಗಿದ್ದರೂ ಆ ದಿನ ನೀನು ಯಾಕೆ ಓಡಿದೆ? ಶೆಲ್ ಬಿದ್ದ ಮನೆಯೊಳಗೆ ಯಾರೋ ಕೂಗುತ್ತಿದ್ದರಂತೆ, ನೀನು ಕ್ಯಾಮೆರಾ ಕೆಳಗಿಟ್ಟು...

ಕೋಪವಿಲ್ಲ ಮಾಮಾ. ನಾನು ಗೋಡೆಗೆ ಒತ್ತಿ ಕೂತು ಕಾದೆ. ಎರಡನೆಯದೂ ಬಿತ್ತು. ಎಲ್ಲ ತಣ್ಣಗಾದ ಮೇಲೆ ಹೋದೆ. ಮುರಿದ ಅಡುಗೆಮನೆಯಲ್ಲಿ ಒಬ್ಬಾಕೆ ರೊಟ್ಟಿಯ ಹೆಂಚು ಹುಡುಕುತ್ತಿದ್ದಳು. ಅವಳ ಮಾತನ್ನು ಇಡೀ ರಾಜ್ಯ ಕೇಳಿತು. ಹೇಳಲು ನಾನಿದ್ದೆ, ಅದಕ್ಕೆ.

ನಿನ್ನೆ ಮನೆಗೆ ಬಂದೆ. ಜಾಕೆಟ್ ಇನ್ನೂ ಮೆಂತ್ಯ, ಇಂಗಿನ ವಾಸನೆ ಹೊಡೆಯುತ್ತಿದೆ. ಬಾಗಿಲಲ್ಲೇ ನಿಲ್ಲಿಸಿ, ಅತ್ತೆ ಮೊದಲು ತಟ್ಟಿದ್ದು ಅದನ್ನಲ್ಲ, ನನ್ನ ಬೆನ್ನನ್ನು. ಮುಂದಿನ ಸಲವೂ ತಾವೇ ತಟ್ಟಿ ಕಳಿಸುತ್ತಾರಂತೆ.

ನಿನ್ನ ಸೊಸೆ,
ಪುಟ್ಟಿ