ಕುಂಕುಮ ಬಿದ್ದ ಲ್ಯಾಪ್‌ಟಾಪ್

೧೭ ಅಕ್ಟೋಬರ್ ೨೦೧೦, ಆದಿತ್ಯವಾರ, ದಸರಾ. ಡೊಂಬಿವಲಿ.

ಹೊಸ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರುವುದೇ ಇಲ್ಲ. ವಿಂಡೋಸ್ ಬದಲಿಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿ ನೋಡಿದೆ. ಪರದೆ, ಕೀಬೋರ್ಡ್, ಸೌಂಡ್ ಎಲ್ಲ ಸರಿ ಉಂಟು, ವೈಫೈ ಮಾತ್ರ ಇಲ್ಲ.

ತಿಂಗಳುಗಟ್ಟಲೆ ನೆಟ್‌ನಲ್ಲಿ ಓದಿ ಒಂದು ಮಾಡೆಲ್ ಆರಿಸಿದ್ದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಲಿನಕ್ಸ್ ಹಾಕಿ ನೋಡಬೇಕು ಅಂತಲೂ ರಂಜನ್‌ಗೆ ಹೇಳಿದ್ದೆ. ಅವನು ನಿನ್ನೆ ನನ್ನನ್ನು ಕೇಳದೆ ಠಾಣೆ ಪೇಟೆಯ ಅಂಗಡಿಯಿಂದ ತಂದೇಬಿಟ್ಟ. ಹೆಂಡತಿಯಾದ ನನಗೆ ದಸರಾ ಉಡುಗೊರೆಯಂತೆ. "ಅದೇ ಮಾಡೆಲ್, ಈ ವರ್ಷದ್ದು ಅಂತ ಅಂಗಡಿಯವ ಹೇಳಿದ ಮಾರಾಯ್ತಿ." ಹೆಸರು ಅದೇ, ಒಳಗಿನ ವೈಫೈ ಕಾರ್ಡ್ ಬೇರೆ, ಲಿನಕ್ಸ್‌ಗೆ ಅದರ ಗುರುತೇ ಇಲ್ಲ.

ಅಂಗಡಿಯವ ಬದಲಿಸಿ ಕೊಡುತ್ತಾನೆ. ಆದರೆ ಬೆಳಿಗ್ಗೆಯೇ ಅತ್ತೆ ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಎತ್ತಿ ಆಗಿದೆ. "ಪೂಜೆ ಆದದ್ದನ್ನು ಹಿಂದೆ ಕೊಡ್ಲಿಕ್ಕುಂಟಾ?" ಅಂದರು. ರಂಜನ್ ತನ್ನ ಅಮ್ಮನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನಗೆ ಉರಿದದ್ದು ಅದಕ್ಕೇ.

ನಾಳೆಯಿಂದ ಮನೆಯಲ್ಲೇ ಕೆಲಸ ಮಾಡುತ್ತೇನೆಂದು ಕೋಪರಖೈರಣೆಯ ಆಫೀಸಿಗೆ ಮಾತು ಕೊಟ್ಟವಳು ನಾನು. ಅವರ ಕೆಲಸವೆಲ್ಲ ಲಿನಕ್ಸ್‌ನಲ್ಲೇ.

ಕೇಬಲ್ ಚುಚ್ಚಿದರೆ ನೆಟ್ ಬರುತ್ತದೆ. ಮನೆಯಲ್ಲಿರುವ ಕೇಬಲ್ ದೇವರ ಮಂಟಪದ ಬುಡದವರೆಗೆ ಮಾತ್ರ ಎಟಕುತ್ತದೆ. ರಾತ್ರಿ ಅಲ್ಲೇ ನೆಲದಲ್ಲಿ ಕೂತಿದ್ದೆ. ನೀರು ಕುಡಿಯಲು ಎದ್ದ ಅತ್ತೆಗೆ ನೋಡಿ ಖುಷಿಯೋ ಖುಷಿ. "ದೇವರ ಎದುರೇ ಸುರು ಮಾಡಿದಿಯಾ? ಒಳ್ಳೆದಾಯ್ತು."

ಅವರ ಹಿಂದೆ ರಂಜನ್ ನಿಂತಿದ್ದ. ವಯರ್ ನೋಡಿದ. ನಾನು ಅಲ್ಲಿ ಯಾಕೆ ಕೂತಿದ್ದೇನೆಂದು ಅವನಿಗೆ ಗೊತ್ತು. ಇದನ್ನು ಬದಲಿಸಲೇಬೇಕು ಅಂತ ಈಗಲಾದರೂ ಅಮ್ಮನಿಗೆ ಹೇಳುತ್ತಾನೆ ಅಂದುಕೊಂಡೆ.

"ಫ್ಯಾನ್ ಹಾಕ್ಲಾ?" ಅಂತ ಕೇಳಿದ.